ಮಲ್ಲಾಜಮ್ಮನ ಕಡ್ಲೆಕಾಯಿ ಉಂಡೆ

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಕಟ್ಟಲು ಹೋದ ಹೆಂಗಸರು ಮಧ್ಯಾಹ್ನ ಸೊಪ್ಪು ಒಣಗಿಸುವ ಬ್ಯಾರನ್ನಿನ ನೆರಳಲ್ಲಿ ಬುತ್ತಿ ಬಿಚ್ಚಿದರೆ ನಿನ್ನದು ನನ್ನದು ಎಂಬುದಿಲ್ಲ. ಎಲ್ಲರ ಕೈ ಎಲ್ಲರ ಡಬ್ಬಿಯಲ್ಲಿ. ಮಲ್ಲಾಜಮ್ಮನ ಡಬ್ಬಿಯೊಂದನ್ನು ಬಿಟ್ಟು. ಒಂದು ಕಾಲಕ್ಕೆ ಅವಳ ಕಡ್ಲೆಕಾಯಿ ಉಂಡೆಗೆ ಇದೇ ಹೆಂಗಸರು ಕಿತ್ತಾಡುತ್ತಿದ್ದರು.

ಕೆಟ್ಟದ್ದು ಆ ಉಂಡೆಯಿಂದಲೇ. ಪಕ್ಕದ ಮನೆ ರಮ್ಯಳ ಮಗು ತೇಜಸ್‌ಗೆ ಎಳೆತನದಿಂದಲೂ ಇಸುಬು. ಕೆನ್ನೆ, ಮೊಣಕೈ, ಮಂಡಿ ಸಂದು ಎಲ್ಲ ಕೆಂಪಗೆ. ಕೆರೆದು ಕೆರೆದು ರಕ್ತ. ಒಂದು ದಿನ ಅಳುತ್ತಿದ್ದ ಕೂಸನ್ನು ಸುಮ್ಮನಾಗಿಸಲು, ಗಂಡ ಮಕ್ಕಳಿಲ್ಲದ ಮಲ್ಲಾಜಮ್ಮ ಉಂಡೆಯ ಚೂರನ್ನು ನುರಿದು ಬಾಯಿಗಿಟ್ಟಳು. ನೋಡನೋಡುತ್ತ ತುಟಿ ಊದಿತು, ಮೈಯೆಲ್ಲ ದದ್ದು, ವಾಂತಿ, ಏದುಸಿರು. ಆಸ್ಪತ್ರೆಗೆ ಹೊತ್ತೊಯ್ದು ಇಂಜೆಕ್ಷನ್ ಕೊಡಿಸಿದ ಮೇಲೆ ಮಗುವೇನೋ ಉಳಿಯಿತು. ಮಲ್ಲಾಜಮ್ಮನ ಮಾನ ಉಳಿಯಲಿಲ್ಲ.

"ಮದ್ ಆಕವ್ಳೆ ಕಣ್ರಪ್ಪ, ನನ್ ಮೊಮ್ಮಗಂಗೆ ಮದ್ ಆಕವ್ಳೆ!" ಎಂದು ರಮ್ಯಳ ಅತ್ತೆ ಚಾಮುಂಡಮ್ಮ ಬೀದಿಯಲ್ಲಿ ನಿಂತು ಕೂಗಿದಳು. ತಿನ್ನುವುದರಲ್ಲಿ ಗುಟ್ಟಾಗಿ ವಿಷ ಬೆರೆಸುವವಳು ಎಂಬ ಹೆಸರು ಈ ಸೀಮೆಯಲ್ಲಿ ಒಮ್ಮೆ ಅಂಟಿತೋ, ಮುಗಿಯಿತು. ಊರ ಬಾಯಿಗೆ ಹೊಲಿಗೆ ಹಾಕುವವರು ಯಾರು? ಮದುವೆ ಮನೆಗಳಲ್ಲಿ ಅವಳನ್ನು ಒಲೆಯ ಹತ್ತಿರ ಸೇರಿಸಲಿಲ್ಲ. ಕೆಲವೊಮ್ಮೆ ಅವಳಿಗೇ ಅನುಮಾನ ಬರುತ್ತಿತ್ತು. ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಎರಡು ವರ್ಷ ಕಳೆಯಿತು. ತೇಜಸ್ ರಮ್ಯಳ ತವರಿನಲ್ಲಿ ಕಡ್ಲೆಕಾಯಿ ಚಿಕ್ಕಿ ತಿಂದು ಮತ್ತೆ ಹಾಗೇ ಊದಿಕೊಂಡ. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿಸಿ ಹೇಳಿದರು: ಕಡ್ಲೆಕಾಯಿ ಈ ಮಗುವಿಗೆ ಅಲರ್ಜಿ, ಇಷ್ಟು ಇಸುಬಿರುವ ಮಕ್ಕಳಲ್ಲಿ ಇಂಥದ್ದು ಜಾಸ್ತಿ, ಯಾರ ಕೈಯಿಂದ ತಿಂದಿದ್ದರೂ ಹೀಗೇ ಆಗುತ್ತಿತ್ತು.

ಊರಿಗೆ ಮರಳಿದ ಸಂಜೆಯೇ ರಮ್ಯ ಮಲ್ಲಾಜಮ್ಮನ ಮನೆಗೆ ಬಂದು ಎಲ್ಲ ಹೇಳಿ ಅತ್ತಳು. "ತಪ್ಪಾಯ್ತು ಕಣ್ ದೊಡ್ಡವ್ವ. ನಿಮ್ ಕೈದು ಏನೂ ಇರ್ನಿಲ್ಲ."

"ಬುಡವ್ವ. ಮಗ ಚೆನ್ನಾಗದಲ್ಲ, ಅಷ್ಟ್ ಸಾಕು."

"ಏನಾರ ಕೊಡಿ, ಉಂಡೋಯ್ತೀನಿ."

ಮಲ್ಲಾಜಮ್ಮ ತಡಬಡಿಸಿ ಎದ್ದಳು. ಮುದ್ದೆ, ಅವರೆಕಾಳು ಸಾರು ಬಡಿಸಿ, ತಟ್ಟೆ ಮುಂದಿಡುವ ಮೊದಲು ತಾನೇ ಒಂದು ತುತ್ತು ಮುರಿದು ನುಂಗಿ ತೋರಿಸಿದಳು. ರಮ್ಯ ತಲೆ ತಗ್ಗಿಸಿಕೊಂಡು ಉಂಡಳು. ತನ್ನ ಅಡುಗೆ ಇನ್ನೊಬ್ಬರ ಗಂಟಲಲ್ಲಿ ಇಳಿಯುವುದನ್ನು ನೋಡುತ್ತ ಮಲ್ಲಾಜಮ್ಮನಿಗೆ ಹಬ್ಬದ ದಿನದಷ್ಟು ಸಂತೋಷವಾಯಿತು.

ರಮ್ಯ ಕೈ ತೊಳೆದಳು, ಬಾಯನ್ನು ಸೆರಗಿನಿಂದ ಎರಡು ಸಲ ಒರೆಸಿಕೊಂಡಳು, ಬಾಗಿಲಲ್ಲಿ ನಿಂತು ಬೀದಿಯ ಆಚೆ ಈಚೆ ನೋಡಿದಳು.

"ದೊಡ್ಡವ್ವ, ನಾನಿಲ್ಲಿ ಉಂಡಿದ್ದ ಯಾರ್ಗೂ ಯೋಳ್ಬ್ಯಾಡಿ."

"ಯಾರಿಗ್ ಯೋಳ್ಲಿ ನನ್ನವ್ವ," ಎಂದಳು ಮಲ್ಲಾಜಮ್ಮ. "ನನ್ ತಾವ ಮಾತಾಡೋರಾದ್ರೂ ಯಾರವ್ರೆ?"