ಅಕ್ಕ ಹಾಡದೇ ಉಳಿದ ಭೈರವಿ

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿ ಹೋದ ಹಿರಿಯರು, ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೂ ವಿಜ್ಞಾನ ಪಾಠ ಮಾಡಿದವಳು ನಾನು. ಶಬ್ದ ಹುಟ್ಟಬೇಕಾದರೆ ಏನಾದರೊಂದು ಕಂಪಿಸಲೇಬೇಕು ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಾನೇ ಪೂರ್ತಿ ನಂಬಿಲ್ಲ. ಆ ದಿನ ನೆನಪಾದಾಗಲೆಲ್ಲ ನನಗೆ ಭಯವಾಗುವುದಿಲ್ಲ, ಮೈಯೆಲ್ಲಾ ಉರಿಯುತ್ತದೆ. ಆ ಉರಿಯನ್ನಾದರೂ ನಂಬಿ.

ನನ್ನ ಅಕ್ಕ ಹಿಂದೂಸ್ತಾನಿ ಹಾಡುವವಳು. ನಮ್ಮ ತಂದೆ ದಾವಣಗೆರೆಯಿಂದ ವರ್ಗವಾಗಿ ಬೆಂಗಳೂರಿನ ವಿಜಯನಗರಕ್ಕೆ ಬಂದಾಗ ಅವಳ ತಂಬೂರಿಯೂ ಜೊತೆಗೆ ಬಂತು. ಮದುವೆ ಬೇಡ ಎಂದಳು, ಮನೆಯಲ್ಲೇ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಂಡು ಇದ್ದುಬಿಟ್ಟಳು. ಅಂಥ ಕಂಠಕ್ಕೆ ದೊಡ್ಡ ಸಭೆಗಳವರು ಯಾರೂ ಮಣೆ ಹಾಕಲಿಲ್ಲ. ಒಂದೇ ಒಂದು ಸಲ, ಅವಳಿನ್ನೂ ಚಿಕ್ಕವಳಿದ್ದಾಗ, ರೇಡಿಯೊದವರು ಕರೆದು ಹಾಡಿಸಿ ರೆಕಾರ್ಡ್ ಮಾಡಿಕೊಂಡರು. ಯಮನ್ ರಾಗ ಮುಗಿಸಿ ಭೈರವಿಗೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಗಾಜಿನಾಚೆ ಕೂತಿದ್ದ ಮನುಷ್ಯ ಸಾಕು ಎಂದು ಕೈ ಆಡಿಸಿ ಕೆಂಪು ದೀಪ ಆರಿಸಿದನಂತೆ. ಟೈಮ್ ಆಗಿತ್ತಂತೆ!

ಹಿಂದೂಸ್ತಾನಿ ಕಚೇರಿಯನ್ನು ಭೈರವಿ ರಾಗದಲ್ಲಿ ಮುಗಿಸುವುದು ಪದ್ಧತಿ. ಅದಾದ ಮೇಲೆ ಮತ್ತೇನನ್ನೂ ಹಾಡುವುದಿಲ್ಲ. ಅಕ್ಕ ಯಾವಾಗಲೂ ಒಂದು ವಚನವನ್ನು ಭೈರವಿಯಲ್ಲಿ ಹಾಡಿ ಏಳುತ್ತಿದ್ದಳು. ಕೇಳುವವಳು ನಾನೊಬ್ಬಳೇ ಆಗಿದ್ದರೂ, ಅದೂ ಒಗ್ಗರಣೆ ಹಾಕುತ್ತಾ ಕೇಳುತ್ತಿದ್ದರೂ, ಬಿಡುತ್ತಿರಲಿಲ್ಲ.

"ಭೈರವಿ ಇಲ್ದೆ ಎದ್ದೋಗೋದು ಅಂದ್ರೆ ಮನೆಗೆ ಬೀಗ ಹಾಕ್ದೆ ಊರಿಗೆ ಹೋದಂಗೆ ಕಣೇ" ಎನ್ನುತ್ತಿದ್ದಳು.

ರೇಡಿಯೊದಲ್ಲಿ ಹಾಡಿದ ಆ ಒಂದು ಕಚೇರಿ ಬೀಗವಿಲ್ಲದೆ ಬಿದ್ದಿದೆ ಎಂಬ ಕೊರಗು ಅವಳಿಗೆ ಕೊನೆಗೂ ಹೋಗಲಿಲ್ಲ. ಮತ್ತೆ ಅವರು ಕರೆಯಲೂ ಇಲ್ಲ. ಆಮೇಲೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಕಷ್ಟಪಟ್ಟರೆ "ಆ" ಎಂಬ ಒಂದು ದನಿ ಹೊರಡುತ್ತಿತ್ತು, ಅಷ್ಟೆ. ಹಾಡುವವಳ ಬಾಯನ್ನೇ ಕಟ್ಟಿದ ದೇವರ ಮೇಲೆ ನನಗಿರುವ ಸಿಟ್ಟು ಬೇರೆಯೇ ಇದೆ, ಅದು ಇಲ್ಲಿ ಬೇಡ.

ಕೆಲವು ವರ್ಷಗಳ ಹಿಂದೆ ಅವಳ ಶಿಷ್ಯೆ ಶೋಭಾ ಚಂದ್ರಾ ಲೇಔಟಿನಿಂದ ಫೋನ್ ಮಾಡಿದಳು. "ಆಂಟಿ, ಭಾನುವಾರ ರೇಡಿಯೊದಲ್ಲಿ ಇಡೀ ದಿನ ಶಾಸ್ತ್ರೀಯ ಸಂಗೀತ, ಕಲೆ ಅಂತ ಪ್ರೋಗ್ರಾಮ್ ಇಟ್ಕೊಂಡಿದಾರೆ. ಸಂಜೆ ನಮ್ ಟೀಚರ್‌ದು ಹಳೇ ರೆಕಾರ್ಡಿಂಗ್ ಹಾಕ್ತಾರಂತೆ!"

ಭಾನುವಾರ ಬೆಳಿಗ್ಗೆಯೇ ಅಕ್ಕನಿಗೆ ನೀರೆರೆದು, ರೇಷ್ಮೆ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ರೇಡಿಯೊದ ಎದುರಿಗೆ ಕೂರಿಸಿದೆ. ನಾದಸ್ವರ ಬಂತು, ಗಮಕ ಬಂತು, ಹರಿಕಥೆ ಬಂತು. ಶಿಲ್ಪಿಯೊಬ್ಬರನ್ನು ಕರೆಸಿ, ಕಲ್ಲಿನ ವಿಷಯ ಬಿಟ್ಟು, ನಿಮಗೆ ಯಾವ ತಿಂಡಿ ಇಷ್ಟ ಎಂದು ಕೇಳಿದರು. ಸರೋದ್ ಕಾವೇರುವ ಹೊತ್ತಿಗೆ ಕುಕ್ಕರಿನ ಜಾಹೀರಾತು ತುರುಕಿದರು. ನಾನು ಬೈಯುತ್ತಲೇ ಇದ್ದೆ. ಅಕ್ಕ ಮಾತ್ರ ಒಂದನ್ನೂ ಬಿಡದೆ ಕೇಳಿದಳು. ಮಧ್ಯಾಹ್ನ ಮಲಗಿಸುತ್ತೇನೆಂದರೆ ಒಪ್ಪಲಿಲ್ಲ.

ಸಂಜೆ ಅವಳ ಹೆಸರು ಹೇಳಿದರು. ಯಮನ್ ಶುರುವಾಯಿತು. ನಾನು ರೇಡಿಯೊದ ದನಿ ಇನ್ನಷ್ಟು ಏರಿಸಿದೆ. ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ನಿಧಾನದ ವಿಲಂಬಿತ್ ಮುಗಿದು, ಹಾಡು ದ್ರುತ್‌ನ ವೇಗ ಹಿಡಿದು, ಇನ್ನೇನು ಸ್ವರಗಳು ಪುಂಖಾನುಪುಂಖವಾಗಿ ಹರಿಯುವ ತಾನ್‌ಗಳು ಶುರುವಾಗಬೇಕು, ಅಷ್ಟರಲ್ಲಿ ದನಿ ಸಣ್ಣಗಾಗುತ್ತಾ ಹೋಯಿತು. "ಸಮಯದ ಅಭಾವದಿಂದ" ಎಂದು ಒಬ್ಬಳು ನಯವಾಗಿ ಹೇಳಿದಳು. ಹಿಂದೆಯೇ ಯಾವುದೋ ಸಭಾಂಗಣದ ಗದ್ದಲ, "ಹಲೋ ಹಲೋ, ಮೈಕ್ ಟೆಸ್ಟಿಂಗ್", ಯಾರೋ ಗಣ್ಯರಿಗೆ ಸನ್ಮಾನವಂತೆ, ಹಾರವಂತೆ, ಪೇಟವಂತೆ.

ಭೈರವಿಯನ್ನು ಅಂದು ಕಿತ್ತುಕೊಂಡಿದ್ದರು, ಇಂದು ಯಮನ್ನನ್ನೂ ಅರ್ಧಕ್ಕೆ ಕತ್ತರಿಸಿದರು. ನಾನು ರೇಡಿಯೊದ ವೈರನ್ನು ಗೋಡೆಯಿಂದ ಕಿತ್ತು ನೆಲಕ್ಕೆ ಎಸೆದೆ. ಅಕ್ಕ "ಆ" ಎಂದು ಎಡಗೈ ಚಾಚಿದಳು. ನನ್ನ ಕೂಗಾಟ ಅವಳಿಗೆ ಕೇಳಿಸಬಾರದೆಂದು ಬಾಗಿಲು ಎಳೆದುಕೊಂಡು ವರಾಂಡಕ್ಕೆ ಬಂದು ರೇಡಿಯೊದವರಿಗೆ ಫೋನ್ ಹಚ್ಚಿದೆ. ಎಷ್ಟೋ ಹೊತ್ತಿನ ಮೇಲೆ ಒಬ್ಬ ಎತ್ತಿದ.

"ಮೇಡಂ, ಲೈವ್ ಕೊಡಿ ಅಂತ ಮೇಲಿನೋರು ಹೇಳಿದ್ರು. ನಾವೇನ್ ಮಾಡಣ ಹೇಳಿ?"

"ನಾಳೆ ಹಾಕಿದ್ರೆ ಆ ಹಾರ ಏನ್ ಬಾಡೋಗ್ತಿತ್ತೇನ್ರೀ?" ಎಂದೆ.

ನನ್ನ ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಎದುರು ಮನೆಯವರು ಕಿಟಕಿಗೆ ಬಂದು ನೋಡಿದರು, ಅಷ್ಟು ಸಾಕು. ಆತ "ಆಯ್ತು ಮೇಡಂ, ಆಯ್ತು ಮೇಡಂ" ಎನ್ನುತ್ತಲೇ ಫೋನ್ ಇಟ್ಟ.

ಒಳಗೆ ಬಂದೆ. ವೈರು ನಾನು ಎಸೆದ ಹಾಗೆಯೇ ನೆಲದ ಮೇಲಿತ್ತು. ರೇಡಿಯೊ ಸುಮ್ಮನಿತ್ತು. ಅಕ್ಕನ ಎಡಗೈ ಬೆರಳುಗಳು ಕುರ್ಚಿಯ ಹಿಡಿಯ ಮೇಲೆ ತಾಳ ಹಾಕುತ್ತಿದ್ದವು. ನಾನು ನೋಡುತ್ತಿದ್ದಂತೆ ನಿಧಾನವಾಗಿ ನಿಂತವು. ಕೆನ್ನೆ ಒದ್ದೆಯಾಗಿತ್ತು. ನೊಂದು ಅಳುತ್ತಿದ್ದಾಳೆಂದು ಸೆರಗಿನಿಂದ ಒರೆಸಲು ಹೋದರೆ, ಅವಳು ನಗುತ್ತಿದ್ದಳು.

ಅಷ್ಟರಲ್ಲಿ ಕೆಳಗಿನ ಮನೆಯ ಗಿರಿಜಮ್ಮ ಮೆಟ್ಟಿಲು ಹತ್ತಿ ಬಂದರು. "ಮಿಸ್, ಏನ್ ಹಾಡ್ತಾರ್ರೀ ನಿಮ್ಮಕ್ಕ! ನಿಮ್ಮನೆ ರೇಡಿಯೊ ಕೇಳಣ ಅಂತ ನಮ್ ಟೀವಿನೇ ಆಫ್ ಮಾಡ್ಬಿಟ್ಟೆ. ಅದ್ರಲ್ಲೂ ಕೊನೇದು, ಆ ವಚನ..."

ರಾಗದ ಗಂಧವೂ ಇಲ್ಲದ ಗಿರಿಜಮ್ಮ ಅಲ್ಲೇ ನಿಂತು ಅದನ್ನು ಗುನುಗಿದರು. ಅದು ಅಕ್ಕನ ಭೈರವಿ. ಅವಳು ಎಳೆಯುವ ಕಡೆ ಎಳೆದು, ನಿಲ್ಲಿಸುವ ಕಡೆ ನಿಲ್ಲಿಸಿ, ಹಾಗೇ.

"ರೇಡಿಯೊ ಅರ್ಧಕ್ಕೇ ಆಫ್ ಮಾಡಿದೀನಿ ಗಿರಿಜಮ್ಮ. ವೈರ್ ನೋಡಿ."

"ಈಗ ಮಾಡಿದೀರ. ಮುಗಿಯೋ ತಂಕ ಇತ್ತಲ್ಲ ಮಿಸ್, ತಬಲಾ ಎಲ್ಲಾ ಚೆನ್ನಾಗ್ ಕೇಳಿಸ್ತಿತ್ತು" ಎಂದರು, ನನಗೇ ಏನೋ ಆಗಿದೆ ಎನ್ನುವಂತೆ ನೋಡುತ್ತಾ.

ಅವರು ಇಳಿದು ಹೋಗುವ ಮೊದಲೇ ಶೋಭಾಳ ಫೋನ್ ಬಂತು. ಅವಳು ಅಳುತ್ತಿದ್ದಳು. "ಆಂಟಿ, ಅವತ್ತು ಭೈರವಿ ಹಾಡಕ್ಕೆ ಬಿಡ್ಲಿಲ್ಲ ಅಂತ ಟೀಚರ್ ಹೇಳ್ತಿದ್ರಲ್ಲ? ಇದೆಯಲ್ಲ ಆಂಟಿ! ಪೂರ್ತಿ ಇದೆ!"

ನಾನು ಸುಮ್ಮನೆ ಕೂರುವವಳಲ್ಲ. ಡಾಕ್ಟರನ್ನು ಕೇಳಿದೆ. ಮಾತು ಹೋದವರಿಗೂ ಕೆಲವೊಮ್ಮೆ ಹಾಡು ಬರುವುದುಂಟು ಎಂದರು. ಸರಿ, ಅಕ್ಕನೇ ಹಾಡಿದಳು ಎಂದುಕೊಳ್ಳೋಣ. ತಬಲಾ ಬಾರಿಸಿದವರು ಯಾರು? ಚಂದ್ರಾ ಲೇಔಟಿಗೆ ಅದು ಹೋಗಿದ್ದು ಹೇಗೆ? ರೇಡಿಯೊದವರ ಕಚೇರಿಗೇ ಹೋಗಿ ಜಗಳ ಮಾಡಿ ಆ ರೆಕಾರ್ಡಿಂಗ್ ಹಾಕಿಸಿ ಕೇಳಿದೆ. ಯಮನ್ ಮುಗಿದ ಮೇಲೆ ಬರಿಯ ಸರಸರ ಸದ್ದು, ಮತ್ತೇನಿಲ್ಲ. ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ಕ್ಷಮೆ ಕೇಳಿ ಎಂದರೆ ಅಲ್ಲಿನ ಅಧಿಕಾರಿ ತಲೆ ಕೆರೆದುಕೊಂಡು, "ದೂರು ಬಂದಿರೋದು ನಿಮ್ದೊಂದೇ ಮೇಡಂ. ಬೇರೆಯವ್ರೆಲ್ಲ ಕೊನೇ ವಚನ ತುಂಬಾ ಚೆನ್ನಾಗಿತ್ತು ಅಂತ ಫೋನ್ ಮಾಡಿದ್ರು. ಯಾವ್ ವಚನ ಅಂತ ನಮ್ಗೂ ಗೊತ್ತಾಗ್ಲಿಲ್ಲ" ಎಂದರು.

ಮನೆಗೆ ಬಂದವಳೇ ಅಕ್ಕನ ಎದುರು ಕೂತೆ. "ಯಾರಕ್ಕಾ ಹಾಡಿದ್ದು? ನೀನಾ?" ಎಂದು ಕೇಳಿದೆ. ಅವಳು ನನ್ನನ್ನೇ ನೋಡುತ್ತಾ ಎಡಗೈ ಎತ್ತಿದಳು. ಗಾಳಿಯಲ್ಲಿ ಬೀಗದ ಕೈ ತಿರುಗಿಸಿದಳು. ಆಮೇಲೆ, ಊರಿಗೆ ಹೊರಟವರು ಬೀಗ ಬಿದ್ದಿದೆಯೋ ಇಲ್ಲವೋ ಎಂದು ಒಮ್ಮೆ ಎಳೆದು ನೋಡುತ್ತಾರಲ್ಲ, ಹಾಗೆ ಜಗ್ಗಿ ನೋಡಿ, ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

ಅದೇ ವರ್ಷ ಅವಳು ಹೋಗಿಬಿಟ್ಟಳು. ಕೊರಗು ಇಟ್ಟುಕೊಂಡು ಹೋಗಲಿಲ್ಲ, ಅದು ನನಗೆ ಗೊತ್ತು, ಅದರ ಸಂತೋಷ ನನಗಿದೆ. ಆದರೆ ಜೀವಮಾನವಿಡೀ ಅವಳ ಭೈರವಿ ಕೇಳಿದವಳು ನಾನು. ಅದಕ್ಕಾಗಿ ಬೀದಿಗೆಲ್ಲ ಕೇಳಿಸುವಂತೆ ಜಗಳವಾಡುತ್ತಿದ್ದವಳೂ ನಾನೇ. ಕೆಳಗಿನ ಮನೆಗೆ ಕೇಳಿಸಿದ್ದು, ಚಂದ್ರಾ ಲೇಔಟಿಗೆ ಕೇಳಿಸಿದ್ದು, ನಡುವೆ ಒಂದೇ ಒಂದು ಬಾಗಿಲಿದ್ದ ನನಗೆ ಏಕೆ ಕೇಳಿಸಲಿಲ್ಲ? ಇದಕ್ಕೆ ಯಾರಿಗೆ ಫೋನ್ ಮಾಡಿ ಬೈಯಬೇಕೋ ಇವತ್ತಿಗೂ ನನಗೆ ತಿಳಿದಿಲ್ಲ.