ಸುಳಿ ಕಾಯುವ ತುಳಸಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳಿಯಾಳದಿಂದ ದಾಂಡೇಲಿ ಕಡೆಗೆ ಹೋಗುವ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹಾದುಹೋಗುತ್ತದೆ. ರಸ್ತೆ ಪಕ್ಕದ ತೋಟದೊಳಗೆ ತುಳಸಾ ಸಿದ್ದಿ ಕಲ್ಲೊಂದರ ಮೇಲೆ ನಿಂತು, ಆಳೆತ್ತರದ ತಾಳೆಯ ನೆತ್ತಿಗೆ ಸುತ್ತಿದ ಗೋಣಿತಟ್ಟು ಬಿಚ್ಚುತ್ತಿದ್ದಾರೆ. ಎಲೆಗಳ ನಡುವೆ ಈಟಿಯಂತೆ ಎದ್ದು ನಿಂತ, ಇನ್ನೂ ಅರಳದ ಸುಳಿ. ಸುಳಿಗೂ ಪಕ್ಕದ ಎಲೆಯ ದಂಟಿಗೂ ಸೇರಿಸಿ ಅವರು ತಮ್ಮ ಎಲೆಯಡಿಕೆ ಚೀಲದ ಸುಣ್ಣದಿಂದ ಒಂದು ಗೆರೆ ಎಳೆದಿದ್ದಾರೆ. ಸುಳಿಯ ಮೇಲಿನ ಗೆರೆ ಮೇಲಕ್ಕೆ ಸರಿದರೆ ಮರ ಬೆಳೆಯುತ್ತಿದೆ ಎಂದರ್ಥ. ತುಳಸಾ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಸರಿದಿದೆ, ಅಕ್ಕಿಕಾಳಿನಷ್ಟು.

"ಜೀವ ಐತ್ರಿ," ಎನ್ನುತ್ತ ಕೆಳಗಿಳಿದವರು ಮೊಣಕಾಲು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಾರೆ. "ನಂದೂ ಐತಿ. ಸಾವಕಾಶ ಐತಿ."

ತೋಟ ರುದ್ರೇಶ ಅವರದು. ಹಳಿಯಾಳದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಅವರಿಗೆ ತಾಳೆ ಜಾತಿಯ ಮರಗಳೆಂದರೆ ಹುಚ್ಚು. ಬೀಸಣಿಗೆಯಂಥವು, ಬಾಚಣಿಕೆಯಂಥವು, ಮುಳ್ಳಿನವು, ಎಲ್ಲ ಸೇರಿ ಎಂಬತ್ತರ ಮೇಲಿವೆ. ಹನ್ನೆರಡು ವರ್ಷಗಳಿಂದ ಅವಕ್ಕೆ ನೀರುಣಿಸುವವರು ತುಳಸಾ. ಅದಕ್ಕೂ ಮೊದಲು ಅವರು ಕಬ್ಬು ಕಡಿದಿದ್ದಾರೆ, ಗದ್ದೆ ನಾಟಿಗೆ ಹೋಗಿದ್ದಾರೆ. ತೋಟದ ಮೇಲುಭಾಗಕ್ಕೆ ಪೈಪು ಮುಟ್ಟುವುದಿಲ್ಲ. ಬೇಸಿಗೆ ಹತ್ತಿರ ಬಂತೆಂದರೆ ಕೊಡ ಹೊರಬೇಕು. ಒಣಗಿದ ಗರಿ ಕೊಯ್ದು ಕೊಯ್ದು ಮುಂಗೈ ತುಂಬ ಗೀರುಗಳು. "ಗಿಡ ಮಾತಾಡೂದಿಲ್ಲ, ಅದ ಛಲೋ," ಎನ್ನುತ್ತಾರೆ.

ನೆತ್ತಿಗೆ ಗೋಣಿ ಕಟ್ಟಿಸಿಕೊಂಡ ಈ ಬೂದಿನೀಲಿ ಬಣ್ಣದ ತಾಳೆ ದೀಪಾವಳಿ ಮುಗಿದ ಮೇಲೆ ಜೋಯಿಡಾದಿಂದ ಬಂದದ್ದು. ಅಲ್ಲಿಯ ತೋಟವೊಂದರಲ್ಲಿ ಹೋಂಸ್ಟೇ ಕಟ್ಟಲು ಜಾಗ ಬೇಕಾಗಿ, ಮರವನ್ನು ಬೇರುಸಮೇತ ಎತ್ತಿ ಟ್ರ್ಯಾಕ್ಟರಿಗೆ ಹಾಕಿದರು. ಘಟ್ಟದ ತಿರುವುಗಳುದ್ದಕ್ಕೂ ತುಳಸಾ ಟ್ರೇಲರಿನಲ್ಲಿ ಕುಳಿತು ಸುಳಿ ಅಲುಗದಂತೆ ಅಪ್ಪಿ ಹಿಡಿದಿದ್ದರು. ತಾಳೆಗೆ ಇರುವುದು ಒಂದೇ ಸುಳಿ. ಅದರ ಬುಡದ ಮೊಗ್ಗು ಸತ್ತರೆ ಮರವೇ ಹೋದಂತೆ. ಅಂದಿನಿಂದ ದಿನಕ್ಕೆ ಮೂರು ಸಲ ಗೋಣಿ ತೋಯಿಸುತ್ತಿದ್ದಾರೆ. ಒಂದು ದಿನವೂ ರಜೆ ಇಲ್ಲ. ಮುಂಡಗೋಡ ತಾಲೂಕಿನ ಅತ್ತಿವೇರಿ ಹತ್ತಿರ ಇರುವ ತಂಗಿ ರೀಟಾ ವಾರಕ್ಕೊಮ್ಮೆ ಫೋನು ಮಾಡುತ್ತಾರೆ: ಬಂದು ಎಂಟು ದಿನ ಸುಮ್ಮನೆ ಮಲಗಿ ಹೋಗು. ತುಳಸಾ ಅವರ ಉತ್ತರ ಯಾವಾಗಲೂ ಒಂದೇ: "ಈ ಎಲಿ ಬಿಚ್ಚಲಿ, ಬರ್ತೇನಿ."

ಇವತ್ತು ಭಾನುವಾರ, ತಾಳೆಪ್ರಿಯರ ಬಳಗ ಇಲ್ಲಿ ಸೇರುತ್ತಿದೆ. ಧಾರವಾಡ, ಬೆಳಗಾವಿ, ಗೋವಾದಿಂದ ಒಂದೊಂದೇ ಕಾರು ಬಂದು ನಿಲ್ಲುತ್ತದೆ. ಟೋಪಿ ಹಾಕಿಕೊಂಡ ಇಪ್ಪತ್ತು ಇಪ್ಪತ್ತೈದು ಮಂದಿ ಒಗ್ಗರಣೆ ಅವಲಕ್ಕಿ ತಿಂದು ತೋಟ ಸುತ್ತುತ್ತಾರೆ. ಎಲ್ಲರೂ ಕೊನೆಗೆ ನಿಲ್ಲುವುದು ಜೋಯಿಡಾದ ಮರದ ಮುಂದೆ.

ಈ ಜನರಿಗೊಂದು ರೂಢಿಯಿದೆ. ಎತ್ತಿ ತಂದು ನೆಟ್ಟ ತಾಳೆ ಕಂಡರೆ ಸುಳಿ ಹಿಡಿದು ಮೆಲ್ಲಗೆ ಜಗ್ಗಿ ನೋಡುತ್ತಾರೆ. ಗಟ್ಟಿ ನಿಂತರೆ ಮರ ಬದುಕಿದೆ. ಕಿತ್ತು ಬಂದರೆ ಒಳಗೆ ಕೊಳೆತಿದೆ. ಒಬ್ಬರು ನೋಡಿ ಹೇಳಿದ್ದನ್ನು ಇನ್ನೊಬ್ಬರು ನಂಬುವುದಿಲ್ಲ. ಪ್ರತಿಯೊಬ್ಬರಿಗೂ ತಾವೇ ಜಗ್ಗಬೇಕು.

"ಗಟ್ಟಿ ಐತ್ರಿ, ಬ್ಯಾಡ್ರಿ," ತುಳಸಾ ಮೊದಲಿಗೆ ಹೇಳುತ್ತಾರೆ. ಆಮೇಲೆ ಮರದ ಪಕ್ಕವೇ ಹೋಗಿ ನಿಲ್ಲುತ್ತಾರೆ.

"ಮಡಗಾಸ್ಕರದ ಗಿಡ ಇದು. ಆಫ್ರಿಕಾ ಕಡೆದು, ನಿಮ್ಮ ಬಳಗನ ಆತು ನೋಡವಾ," ಎಂದು ಒಬ್ಬರು ಸಿದ್ದಿಗಳ ಆಫ್ರಿಕಾ ಮೂಲ ನೆನೆದು ನಗುತ್ತಾರೆ.

"ನಾ ಹಳಿಯಾಳದಾಕಿ ರೀ. ಇದು ಜೋಯಿಡಾದ್ದು," ಎನ್ನುತ್ತಾರೆ ತುಳಸಾ.

ನಗುವಿನ ನಡುವೆ ಕೈಗಳು ಬರುತ್ತಲೇ ಇವೆ. ರುದ್ರೇಶ ಅವರೇ ಹೆಮ್ಮೆಯಿಂದ "ಜಗ್ಗಿ ನೋಡ್ರಿ ಬೇಕಾದ್ರ" ಎನ್ನುತ್ತಿರುವಾಗ ತುಳಸಾ ಯಾರನ್ನು ತಡೆಯಬೇಕು? ಚಹಾ ತರಲು ಅವರು ಒಂದು ಗಳಿಗೆ ಅತ್ತ ಹೋಗಿ ಬರುವಷ್ಟರಲ್ಲಿ ಧಾರವಾಡದ ಹಲ್ಲಿನ ಡಾಕ್ಟರ್ ದುಂಡೇಶ ಕೈಯಲ್ಲಿ ಸುಳಿ ಹಿಡಿದು ನಿಂತಿದ್ದಾರೆ. ಮೊಳದುದ್ದದ ಸುಳಿ. ಬುಡ ಬೆಳ್ಳಗಿದೆ.

"ನಾ ಹಗೂರಕ ಹಿಡದಿದ್ದೆ ರೀ," ಎನ್ನುತ್ತಾರೆ ಡಾಕ್ಟರ್.

"ಕೀಳೂದು ನಿಮ್ಮ ಕಸಬ ಆತಲ್ರಿ," ರುದ್ರೇಶ ನಗಲು ನೋಡಿ ಸೋಲುತ್ತಾರೆ. "ಹೋತ ಇದು. ನಾಳೆ ತಗಸಿಬಿಡು ತುಳಸಾ."

ತುಳಸಾ ಚಹಾದ ತಟ್ಟೆಯನ್ನು ಕಲ್ಲಿನ ಮೇಲಿಟ್ಟು, ಸುಳಿ ಇದ್ದ ತೂತಿಗೆ ಮೂಗು ಹಚ್ಚುತ್ತಾರೆ. ಕೊಳೆತಿದ್ದರೆ ನಾರಬೇಕು. ನಾರುತ್ತಿಲ್ಲ. ಎಳೆಯ ಸೌತೆಕಾಯಿ ಮುರಿದಂಥ ವಾಸನೆ. ರುದ್ರೇಶ ತಾವೂ ಬಗ್ಗಿ ಮೂಸುತ್ತಾರೆ. ಕೊಳೆತು ಬಂದಿದ್ದಲ್ಲ ಇದು, ಇಷ್ಟು ಕೈ ಜಗ್ಗಿದ್ದಕ್ಕೆ ಹರಿದು ಬಂದಿದ್ದು. ಬುಡದ ಮೊಗ್ಗು ಉಳಿದಿದ್ದರೆ ಹೊಸ ಸುಳಿ ಬರಲೂಬಹುದು. ಬರುವುದಾದರೆ ಮೂರು ತಿಂಗಳು, ನಾಲ್ಕು ತಿಂಗಳು. ಬಾರದೆಯೂ ಇರಬಹುದು.

ಮಧ್ಯಾಹ್ನದ ಊಟ ಸಪ್ಪಗೆ ಮುಗಿದು ಕಾರುಗಳು ಹೊರಡುತ್ತವೆ. ರುದ್ರೇಶ ಅಂಗಡಿಯಿಂದ ಔಷಧಿ ತರಿಸಿ ತಾವೇ ತೂತಿನೊಳಗೆ ಸುರಿಯುತ್ತಾರೆ. ತುಳಸಾ ಕಟ್ಟೆಯ ಮೇಲೆ ಕುಳಿತಿದ್ದಾರೆ. ಇನ್ನು ಎಲೆ ಬಿಚ್ಚುವುದನ್ನು ಕಾಯುತ್ತ ಕೂತರೆ ಮಳೆಗಾಲ ಬರುತ್ತದೆ. ಅಲ್ಲಿಯವರೆಗೆ ಮೈ ತಡೆಯುವುದಿಲ್ಲ.

"ಸಾವ್ಕಾರ್ರ, ನಾ ನಾಳೆ ತಂಗಿ ಮನಿಗೆ ಹೊಂಟೇನಿ. ಎಂಟು ದಿನ."

ರುದ್ರೇಶ ತಿರುಗಿ ನೋಡುತ್ತಾರೆ. "ಇದಕ್ಕ ನೀರು?"

"ನೀವ ಹಾಕ್ರಿ."

"ಹಾಕ್ತೇನಿ ಬಿಡು. ದಿನಾ ನೋಡ್ತೇನಿ."

"ನೋಡ್ತೇನಿ ಅಂತೀರಿ, ಕೈ ಹಾಕ್ತೀರಿ."

ತುಳಸಾ ಎದ್ದು, ಬೇಲಿ ಬದಿಯಲ್ಲಿ ಕೊಯ್ದು ಒಟ್ಟಿದ್ದ ಈಚಲು ಗರಿಗಳನ್ನು ಎಳೆದು ತರುತ್ತಾರೆ. ಸೂಜಿಯಂಥ ಮುಳ್ಳುಗಳನ್ನು ಹೊರಮುಖ ಮಾಡಿ ಮರದ ಸುತ್ತ ಒತ್ತೊತ್ತಾಗಿ ಹುಗಿಯುತ್ತಾರೆ. ಕೊಡದ ನೀರು ಎರಚಿದರೆ ನೆತ್ತಿಗೆ ಮುಟ್ಟಬೇಕು, ಕೈ ಮಾತ್ರ ಮುಟ್ಟಬಾರದು, ಅಷ್ಟು ದೂರ. ಕೆಲಸ ಮುಗಿಯುವ ಹೊತ್ತಿಗೆ ಬೆರಳಲ್ಲಿ ರಕ್ತ. ಸೆರಗಿಗೆ ಒರೆಸಿಕೊಂಡು ಅವರು ರೀಟಾಗೆ ಫೋನು ಹಚ್ಚುತ್ತಾರೆ.

"ಎಲಿ ಬಿಚ್ಚಿಲ್ಲ. ಆದ್ರೂ ಬರ್ತೇನಿ. ಹಾಸಿಗಿ ಹಾಸಿಡು," ಎಂದವರು ಸೇರಿಸುತ್ತಾರೆ: "ಬಂದ ಮ್ಯಾಲ ಊಟಕ್ಕೂ ಎಬ್ಬಿಸಬ್ಯಾಡ."