ಗೋಡೆಗೆ ಹೊಲಿದ ನಾಲ್ಕು ಮೆತ್ತೆ

ಶನಿವಾರ ಮಧ್ಯಾಹ್ನ, ಸದ್ದು ಹೀರಲೆಂದು ಹೊಲಿದ ನಾಲ್ಕನೆಯ ಮೆತ್ತೆಯನ್ನು ಗೋಡೆಗೆ ನೇತುಹಾಕಿ, ಏಣಿಯಿಂದ ಇಳಿದು, ಕೋಣೆಯ ನಡುವೆ ನಿಂತು ಸೀಟಣ್ಣ ಒಂದು ಚಪ್ಪಾಳೆ ತಟ್ಟಿದರು. ಸದ್ದು ಗೋಡೆಯಿಂದ ಗೋಡೆಗೆ ಬಡಿದು, ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಜಣಜಣ ಎಂದು ಆಮೇಲೆ ನಿಂತಿತು. ಎರಡು ವಾರದ ಕೆಲಸ ನೀರುಪಾಲು. ಆದರೂ ಅವರ ಮುಖದಲ್ಲಿ ಬೇಸರಕ್ಕಿಂತ ಹೆಚ್ಚಾಗಿ ಕಂಡದ್ದು ನಿರಾಳ. ಕೋಣೆ ಇನ್ನೂ ಕೆಟ್ಟದ್ದೇ. ಹಾಗಾದರೆ ಕಿವಿ ಚೆನ್ನಾಗಿದೆ.

ಬೀದಿಯವರು ಅವರನ್ನು ಸೀಟಣ್ಣ ಎಂದು ಕರೆಯುವುದು ಅವರ ಕಸುಬಿನಿಂದ. ಬಸ್ಸು, ಕಾರುಗಳ ಸೀಟಿಗೆ ಮೆತ್ತೆ ಕೂರಿಸಿ ರೆಕ್ಸಿನ್ ಹೊದಿಸುವ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದಿದ್ದಾರೆ. ಅಂಗಡಿಯಲ್ಲಿ ಅವರು ಕೂರುವ ಜಾಗದ ಎಡಕ್ಕೆ, ಎರಡು ಅಡಿ ದೂರದಲ್ಲಿ, ಪಿನ್ ಹೊಡೆಯುವ ಗನ್ನಿಗೆ ಗಾಳಿ ತುಂಬುವ ಕಂಪ್ರೆಸರ್ ಇದೆ. ದಿನವಿಡೀ ಅದು ಬಡಿದುಕೊಳ್ಳುತ್ತಿರುತ್ತದೆ.

ಮನೆಯ ಹಿಂದಿನ ಹತ್ತಡಿ ಹನ್ನೆರಡಡಿಯ ಕೋಣೆ ಮೊದಲು ಫೋಮ್ ಹಾಳೆ ಒಟ್ಟುವ ಜಾಗವಾಗಿತ್ತು. ಫೋಮನ್ನು ಅಂಗಡಿಗೆ ಸಾಗಿಸಿ ಅಲ್ಲಿ ಎರಡು ದೊಡ್ಡ ಸ್ಪೀಕರು, ರೆಕಾರ್ಡು ಸುತ್ತುವ ಪೆಟ್ಟಿಗೆ, ತಾವೇ ಹೊಲಿದ ಒಂದು ಕುರ್ಚಿ ಇಟ್ಟುಕೊಂಡರು. ಒಂದು ಸ್ಪೀಕರು ಬೀದಿ ಕಡೆಗೆ, ಇನ್ನೊಂದು ಅಡುಗೆಮನೆ ಕಡೆಗೆ. ಮೊದಮೊದಲು ಎಲ್ಲ ಸರಿಯಿತ್ತು. ಹೋದ ವರ್ಷದಿಂದ ಹಾಡಿನ ಮಾತು ಜಾರತೊಡಗಿತು. ರಾಗ ಸಿಗುತ್ತದೆ, ಪದ ಸಿಗುವುದಿಲ್ಲ. ಅವರು ರೆಕಾರ್ಡಿನ ಮುಳ್ಳು ಬದಲಿಸಿದರು, ವಯರು ಬದಲಿಸಿದರು, ಕೊನೆಗೆ ಗೋಡೆಗಳ ಮೇಲೆ ತಪ್ಪು ಹೊರಿಸಿದರು.

ಹೆಂಡತಿಗೆ ಗ್ರಂಥಾಲಯದಲ್ಲಿ ಕೆಲಸ. ಆಕೆ ಆಸ್ಪತ್ರೆಯ ಕಿವಿ ಪರೀಕ್ಷೆಗೆ ದಿನ ಗೊತ್ತುಮಾಡಿ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಎರಡು ಸಲ ದಿನ ಮುಂದಕ್ಕೆ ಹೋಗಿ, ಈಗ ಬರುವ ಗುರುವಾರ ಎಂದಿತ್ತು.

"ಮೊದ್ಲು ಕೋಣೆ ಸರಿಯಾಗ್ಲಿ, ಆಮೇಲೆ ಕಿವಿ ನೋಡೋಣ," ಎಂದಿದ್ದರು ಸೀಟಣ್ಣ.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ನೀವು ಗೋಡೆ ಡೊಂಕು ಅಂತೀರಿ. ಅಡುಗೆಮನೆಯಿಂದ ನಾನು ಕೂಗಿದ್ದೂ ಕೇಳ್ಸಲ್ವಲ್ರೀ, ಅಲ್ಲೂ ಗೋಡೇದೇ ತಪ್ಪಾ?"

"ನಿಂದು ಲೈಬ್ರರಿ ದನಿ ಕಣೇ. ಪಕ್ಕದಲ್ಲಿ ಕೂತೋರಿಗೂ ಕೇಳ್ಸಲ್ಲ."

ತಮಾಷೆಯಾಗಿ ಹೇಳಿದರೂ ಅವರ ಕಣ್ಣ ಮುಂದೆ ಅಣ್ಣ ಬಂದು ಹೋದ. ಅದೇ ಅಂಗಡಿಯಲ್ಲಿ, ಅದೇ ಜಾಗದಲ್ಲಿ ಕೂತು ಕೆಲಸ ಮಾಡಿದ ಅಣ್ಣನಿಗೆ ಅರವತ್ತಕ್ಕೆ ಮೊದಲೇ ಕಿವಿ ಹೋಗಿತ್ತು. ಆತ ಎಂದೂ ಅದನ್ನು ಒಪ್ಪಲಿಲ್ಲ. ಯಾರು ಏನೇ ಹೇಳಲಿ, ನಕ್ಕು ತಲೆಯಾಡಿಸುತ್ತಿದ್ದ. ಒಮ್ಮೆ ಪಕ್ಕದ ಮನೆಯಾಕೆ ಗೇಟಿನಲ್ಲಿ ನಿಂತು, ಬೆಳಿಗ್ಗೆ ತನ್ನ ತಾಯಿ ತೀರಿಕೊಂಡ ಸುದ್ದಿ ಹೇಳಿದರೆ, "ಬಹಳ ಸಂತೋಷ, ಬಹಳ ಸಂತೋಷ" ಎಂದು ಕೈಮುಗಿದಿದ್ದ. ಆಕೆಯ ಮುಖವನ್ನು ಸೀಟಣ್ಣ ಪಕ್ಕದಲ್ಲೇ ನಿಂತು ನೋಡಿದ್ದರು. ಆಮೇಲೆ ಜನ ಅಣ್ಣನೊಂದಿಗೆ ಮಾತು ಕಡಿಮೆ ಮಾಡಿದರು. ಅಣ್ಣನೂ ಮನೆಯಿಂದ ಹೊರಬರುವುದನ್ನು ಕಡಿಮೆ ಮಾಡಿದ. ಸೀಟಣ್ಣನನ್ನು ಹೆದರಿಸುತ್ತಿದ್ದುದು ಕಿವುಡುತನಕ್ಕಿಂತ ಹೆಚ್ಚಾಗಿ ಆ ನಗೆ. ಈಚೆಗೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ತಾವೂ ಎರಡು ಮೂರು ಸಲ ಹಾಗೇ ನಕ್ಕು ತಲೆಯಾಡಿಸಿದ್ದು ಅವರಿಗೆ ನೆನಪಿತ್ತು.

ಭಾನುವಾರ ಬೆಳಿಗ್ಗೆ ಭಾವಮೈದುನ ಬಂದ. ಅವನು ಸಭಾಂಗಣವೊಂದರಲ್ಲಿ ಮೈಕು, ಸ್ಪೀಕರು ನೋಡಿಕೊಳ್ಳುವವನು. ಮರದ ಚೌಕಟ್ಟು ಮಾಡಿ, ಒಳಗೆ ಹಳೆಯ ಕಂಬಳಿ ತುಂಬಿ, ಬಟ್ಟೆ ಹೊದಿಸಿ ಗೋಡೆಗೆ ಹಾಕಿದರೆ ಸದ್ದು ಹೀರಿಕೊಳ್ಳುತ್ತದೆ ಎಂದು ಹೇಳಿಕೊಟ್ಟಿದ್ದೂ ಅವನೇ. ಒಳಗೆ ಬಂದವನು ಒಂದು ಚಪ್ಪಾಳೆ ತಟ್ಟಿದ. ಮೆತ್ತೆಯ ಹತ್ತಿರ ಹೋದ. ಕಂದು ಬಣ್ಣದ ರೆಕ್ಸಿನ್, ಸುಕ್ಕಿಲ್ಲದ ಮೂಲೆ, ಅಂಚಿಗೆ ಜೋಡಿ ಹೊಲಿಗೆ. ಕೈಯಾಡಿಸಿ ನೋಡಿದವನಿಗೆ ನಗು ತಡೆಯಲಾಗಲಿಲ್ಲ.

"ಭಾವ, ಏನಿದು? ಗೋಡೆಗೆ ರೇನ್‌ಕೋಟ್ ಹಾಕ್ಸಿದೀರಾ?"

"ನಗ್ಬೇಡ. ಮೇಲಾದ ಮಾಲು. ಇಪ್ಪತ್ತು ವರ್ಷ ಬಾಳಿಕೆ ಬರುತ್ತೆ. ನೀರು ಬಿದ್ರೂ ಒಳಗಿಳಿಯಲ್ಲ."

"ಗೋಡೆ ಮೇಲೆ ಯಾರು ಕೂತ್ಕೋತಾರೆ ಭಾವ, ಬಾಳಿಕೆ ಬರೋಕೆ? ಇದಕ್ಕೆ ಬಾಯಿಟ್ಟು ಊದಿ."

ಸೀಟಣ್ಣ ಅನುಮಾನಿಸುತ್ತ ತುಟಿ ಹಚ್ಚಿ ಊದಿದರು. ಉಸಿರು ಅವರ ಕೆನ್ನೆಗೇ ವಾಪಸು ಬಂತು.

"ಉಸಿರು ಒಳಗೆ ಹೋಗ್ತಿಲ್ಲ. ಸದ್ದು ಹೆಂಗೆ ಹೋಗುತ್ತೆ? ಬಂದಿದ್ದನ್ನೆಲ್ಲಾ ವಾಪಸ್ ಕಳಿಸ್ತಿದೆ ನಿಮ್ಮ ಮೇಲಾದ ಮಾಲು."

ಮೂವತ್ತೊಂದು ವರ್ಷ, ಏನೂ ಒಳಗಿಳಿಯದಂತೆ ಹೊದಿಸುವುದನ್ನೇ ಅವರು ಒಳ್ಳೆಯ ಕೆಲಸ ಎಂದು ಕಲಿತಿದ್ದರು. ಬಟ್ಟೆ ಎಂದಾಗ ಅವರ ಕೈ ತಾನಾಗಿ ರೆಕ್ಸಿನ್ ಸುರುಳಿಯತ್ತ ಹೋಗಿತ್ತು.

ಹೊರಡುವಾಗ ಭಾವಮೈದುನ ಇನ್ನೊಂದು ಮಾತು ಹೇಳಿದ. "ತೆಳು ಹತ್ತಿ ಬಟ್ಟೆ ಹಾಕಿ, ಗಲಾಟೆ ನಿಲ್ಲುತ್ತೆ. ಆಮೇಲೆ ಎರಡು ಸ್ಪೀಕರ್ ನಡುವೆ ಕೂತು ಕೇಳಿ. ಹಾಡೋರು ಸರಿಯಾಗಿ ಎದುರಿಗೆ, ಮಧ್ಯದಲ್ಲಿ ನಿಂತಂಗೆ ಕೇಳ್ಬೇಕು. ಕೇಳಿದ್ರೆ ಕೋಣೆ ಪಾಸು."

ಹಾಗೆ ಕೇಳಿಸದಿದ್ದರೆ ಏನು ಎಂದು ಸೀಟಣ್ಣ ಕೇಳಲಿಲ್ಲ.

ಸೋಮವಾರ ಅವರು ಒಂದೇ ಮೆತ್ತೆಯ ರೆಕ್ಸಿನ್ ಬಿಚ್ಚಿದರು. ಅಂಗಡಿಯಲ್ಲಾಗಿದ್ದರೆ ಇಕ್ಕಳದಿಂದ ಒಂದೇ ಎಳೆತಕ್ಕೆ ಬರುವುದನ್ನು ಇಲ್ಲಿ ಪಿನ್ನು ಪಿನ್ನಾಗಿ ಕಿತ್ತು, ನೆಟ್ಟಗೆ ಮಾಡಿ ಡಬ್ಬಿಗೆ ಹಾಕಿದರು. ಮಂಗಳವಾರ ಇನ್ನೊಂದು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ.

"ಬಸ್ಸಿನ ಐವತ್ತು ಸೀಟು ಮೂರು ದಿನಕ್ಕೆ ಮುಗಿಸೋರು ನೀವು. ನಾಲ್ಕು ಹಲಗೆಗೆ ಇಷ್ಟು ಹೊತ್ತಾ?"

"ನಾಜೂಕಿನ ಕೆಲಸ."

"ಕೆಲಸ ನಾಜೂಕೋ, ನೀವು ನಾಜೂಕೋ?" ಎಂದು ಆಕೆ ಒಳಗೆ ಹೋಗಿ, ಹಳೆಯ ಹಾಸಿಗೆ ಹೊದಿಕೆಗಳನ್ನು ತಂದು ಒಂದೊಂದಕ್ಕೂ ತಾನೇ ಊದಿ ನೋಡಿ, ಎರಡನ್ನು ಆರಿಸಿ ಅವರ ಮಡಿಲಿಗೆ ಹಾಕಿದರು. "ಇವು ಉಸಿರಾಡ್ತವೆ. ಹೊದಿಸಿ."

ಇನ್ನು ನೆಪ ಉಳಿದಿರಲಿಲ್ಲ. ಬುಧವಾರ ಸಂಜೆ ಐದಕ್ಕೆ ನಾಲ್ಕೂ ಮೆತ್ತೆ ಗೋಡೆಗೆ ಮರಳಿದವು. ಸೀಟಣ್ಣ ಚಪ್ಪಾಳೆ ತಟ್ಟಲು ಕೈ ಎತ್ತಿ, ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ತಟ್ಟಿದರು.

ಸದ್ದು ಅಂಗೈಯಲ್ಲೇ ಮುಗಿಯಿತು. ಜಣಜಣ ಇಲ್ಲ. ಚಪ್ಪಾಳೆಯ ಮಟ್ಟಿಗೆ ಕೋಣೆ ಪಾಸು.

ಅವರು ರೆಕಾರ್ಡಿನ ಮೇಲೆ ಮುಳ್ಳಿಟ್ಟು ಕುರ್ಚಿಯಲ್ಲಿ ಕೂತರು. ಹಾಡಿನ ಎಷ್ಟೋ ಪದ ಈಗ ಸಿಕ್ಕವು. ಆದರೆ ದನಿ ಮಧ್ಯದಲ್ಲಿರಲಿಲ್ಲ. ಬಲಗಡೆ, ಬೀದಿ ಕಡೆಯ ಸ್ಪೀಕರಿಗೆ ಒರಗಿಕೊಂಡಿತ್ತು. ಎದ್ದು ಹೋಗಿ ಎರಡು ಸ್ಪೀಕರಿನ ವಯರುಗಳನ್ನು ಅದಲುಬದಲು ಮಾಡಿದರು. ದನಿ ಬಲಗಡೆಯೇ. ಸ್ಪೀಕರುಗಳನ್ನೇ ಎತ್ತಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರು. ಬಲಗಡೆಯೇ. ಕೊನೆಗೆ ಕುರ್ಚಿ ತಿರುಗಿಸಿ, ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತರು. ಈಗ ಬಲಗೈ ಅಡುಗೆಮನೆ ಕಡೆಗಿತ್ತು. ದನಿಯೂ ಅಡುಗೆಮನೆ ಕಡೆಗೆ ಬಂದಿತ್ತು. ಗೋಡೆ ತಿರುಗಿರಲಿಲ್ಲ, ತಿರುಗಿದ್ದು ಅವರು.

ಕುರ್ಚಿಯನ್ನು ಮೊದಲಿನಂತೆ ಇಟ್ಟು ಹೆಂಡತಿಯನ್ನು ಕರೆದು ಕೂರಿಸಿದರು.

"ಸುಮ್ನೆ ಹೇಳು, ಹಾಡೋರು ಎಲ್ಲಿ ನಿಂತಿದಾರೆ?"

ಆಕೆ ಕಣ್ಣು ಮುಚ್ಚಿ ಕೇಳಿ, ಬೆರಳನ್ನು ನೇರ ಮುಂದಕ್ಕೆ ಚಾಚಿದರು. "ಇಲ್ಲೇ. ಮಧ್ಯದಲ್ಲಿ. ಎಷ್ಟು ಚೆನ್ನಾಗಿ ಕೇಳ್ತಿದೆ ರೀ! ಯಾಕೆ, ನಿಮಗೆ?"

ಅವರ ತುಟಿಯ ಮೇಲೆ ಅಣ್ಣನ ನಗೆ ಬಂದು ಕೂತಿತ್ತು. ತಲೆಯಾಡಿಸಿ ಹೊರಗೆ ಹೋದರು.

ಮರುದಿನ ಅವರು ಹೆಂಡತಿಯೊಂದಿಗೆ ಆಸ್ಪತ್ರೆಗೆ ಹೋದರು. ಪರೀಕ್ಷೆ ಮಾಡುವ ಹುಡುಗಿ ಗಾಜಿನ ಕಿಟಕಿಯಿದ್ದ ಚಿಕ್ಕ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್, ಕೈಗೆ ಒಂದು ಗುಂಡಿ ಕೊಟ್ಟಳು. ಬಾಗಿಲು ಮುಚ್ಚುವ ಮೊದಲು ಸೀಟಣ್ಣ ಗೋಡೆಯ ಬಟ್ಟೆ ಹೊದಿಸಿದ ಹಲಗೆಗೆ ಬಾಯಿಟ್ಟು ಊದಿದರು.

"ಏನ್ ಮಾಡ್ತಿದೀರಾ ಅಂಕಲ್?"

"ಬಟ್ಟೆ ಸರಿಯಾಗಿದೆ. ಮೂಲೆ ಮಾತ್ರ ಸುಕ್ಕು. ಯಾರು ಹೊದಿಸಿದ್ದು?"

ಅವಳು ನಕ್ಕಳು. "ಸದ್ದು ಕೇಳಿಸಿದಾಗ ಮಾತ್ರ ಗುಂಡಿ ಒತ್ತಿ."

ಬಲಗಿವಿಗೆ ಸದ್ದುಗಳು ಮಳೆಹನಿಯಂತೆ ಬಂದವು, ಅವರು ಒತ್ತುತ್ತ ಹೋದರು. ಎಡಗಿವಿಯ ಸರದಿ ಬಂದಾಗ ಕೋಣೆ ಸುಮ್ಮನಾಯಿತು. ಆಗಲೇ ಅವರು ಒಂದನ್ನು ಗಮನಿಸಿದರು. ಗಾಜಿನಾಚೆ ಹುಡುಗಿ ಸದ್ದು ಕಳಿಸುವಾಗೆಲ್ಲ ಅವಳ ಬಲ ಭುಜ ಕೊಂಚ ಕದಲುತ್ತಿತ್ತು. ಭುಜ ನೋಡಿ ಒತ್ತಿದರೆ ಪರೀಕ್ಷೆ ಪಾಸು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಭುಜ ಕದಲಿತು. ಇನ್ನೊಮ್ಮೆ ಕದಲಿತು.

ಸೀಟಣ್ಣ ಕುರ್ಚಿಯಲ್ಲೇ ಹೊರಳಿ, ಗಾಜಿಗೆ ಬೆನ್ನು ಮಾಡಿ, ಆ ಸುಕ್ಕುಬಿದ್ದ ಮೂಲೆಯನ್ನೇ ನೋಡುತ್ತ ಕೂತರು. ಬಹಳ ಹೊತ್ತು ಅವರ ಬೆರಳು ಅಲುಗಲಿಲ್ಲ.

ಅವಳು ಕೊಟ್ಟ ಹಾಳೆಯಲ್ಲಿ ಎರಡು ಗೆರೆಗಳಿದ್ದವು. ಬಲಗಿವಿಯದು ಬಹುಮಟ್ಟಿಗೆ ನೇರ, ಎಡಗಿವಿಯದು ಮೆಟ್ಟಿಲಿನಂತೆ ಇಳಿದಿತ್ತು. ಹೋದದ್ದು ಮರಳುವುದಿಲ್ಲ, ಕಿವಿಗೆ ಯಂತ್ರ ಹಾಕಿದರೆ ಮಾತು ಸಿಗುತ್ತದೆ, ಅಂಗಡಿಯಲ್ಲಿ ಕಿವಿ ಮುಚ್ಚಿಕೊಳ್ಳಲೇಬೇಕು ಎಂದರು ಡಾಕ್ಟರು.

ಹೊರಗಿನ ಉದ್ದನೆಯ ಓಣಿಯಲ್ಲಿ ನಡೆಯುವಾಗ ಹೆಂಡತಿ ಅವರ ಎಡಕ್ಕಿದ್ದರು. ಏನೋ ಹೇಳಿದರು. ತುಟಿ ಅಲುಗಿದ್ದು ಅವರಿಗೆ ಕಂಡಿತು. ನಗೆ ತುಟಿಯವರೆಗೆ ಬಂದಿತ್ತು. ಅವರು ನಿಂತರು.

"ಕೇಳಿಸ್ಲಿಲ್ಲ," ಎಂದರು.

ಆಕೆ ಅವರ ಮುಖ ನೋಡಿ, ಹಿಂದಿನಿಂದ ಸುತ್ತಿ ಬಲಗಡೆಗೆ ಬಂದರು.

"ಹಾಲು ತಗೊಂಡು ಹೋಗ್ಬೇಕು ಅಂದೆ."